ಪ್ರಶ್ನೆ ಕೇಳ್ಬೇಡಿ, ಕಾಗದ ಕೇಳಿ

ಮಂಡ್ಯ ಕೋರ್ಟ್ ಹತ್ರ ಇರೋ ನನ್ನ ಆಫೀಸಿಗೆ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ ಬರೆಸೋಕೆ ಬರೋರಲ್ಲಿ ಮುಕ್ಕಾಲು ಪಾಲು ಜನ ಜಗಳದ ಮೂಡಲ್ಲೇ ಬಂದಿರ್ತಾರೆ. "ಸಾ, ನಮ್ಮೂರ್ ಚರಂಡಿ ಒಂದೇ ಮಳೆಗೆ ಯಾಕ್ ಕಿತ್ತೋಯ್ತು, ಇದ್ಕೆ ಯಾರ್ ಹೊಣೆ ಅಂತ ಕೇಳಿ ಬರೀರಿ" ಅಂತಾರೆ. ಹಂಗೇ ಬರೆದ್ರೆ ಒಂದು ಸಾಲಿನ ಹಿಂಬರಹ ಬರುತ್ತೆ, ತಾವು ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಅಂತ. ಸಿಟ್ಟು ಬಂದ್ರೂ ಆ ಉತ್ತರ ತಪ್ಪಲ್ಲ ಕಣ್ರೀ. 2005ರ ಮಾಹಿತಿ ಹಕ್ಕು ಕಾಯ್ದೆಲಿ ಸಿಗೋದು ಆಫೀಸಲ್ಲಿ ಆಗ್ಲೇ ಇರೋ ದಾಖಲೆ, ಯಾಕೆ ಏನು ಅಂತ ಅಧಿಕಾರಿ ಹೊಸದಾಗಿ ವಿವರಣೆ ಬರೆದು ಕೊಡ್ಬೇಕಿಲ್ಲ. 2011ರಲ್ಲಿ ಸಿಬಿಎಸ್‌ಇ ಕೇಸಲ್ಲಿ ಸುಪ್ರೀಂ ಕೋರ್ಟೇ ಇದನ್ನ ಹೇಳಿದೆ, ಅದೇ ತೀರ್ಪಲ್ಲಿ ತಾನು ಬರೆದ ಉತ್ತರ ಪತ್ರಿಕೆ ನೋಡೋ ಹಕ್ಕು ವಿದ್ಯಾರ್ಥಿಗಿದೆ ಅಂತಾನೂ ಹೇಳಿದೆ.

ಹಂಗಾಗಿ ಅರ್ಜಿ ಬರೆಯೋಕೆ ಮುಂಚೆ ಯೋಚ್ನೆ ಮಾಡ್ಬೇಕಾದ್ದು, ಈ ಕೆಲ್ಸ ಆಗುವಾಗ ಯಾವ್ಯಾವ ಕಾಗದ ಹುಟ್ಟಿರುತ್ತೆ ಅಂತ. ಚರಂಡಿನೇ ತಗೊಳ್ಳಿ. ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ಲು ಇವೆಲ್ಲ ಎಲ್ರೂ ಕೇಳ್ತಾರೆ, ಬಿಟ್ಟೋಗೋದು ಅಳತೆ ಪುಸ್ತಕ, ಎಂಬಿ ಬುಕ್ ಅಂತಾರಲ್ಲ ಅದು. ಇಂಜಿನಿಯರ್ರು ಉದ್ದ ಅಗಲ ಆಳ ಅಳೆದು ಬರೆದು ತಾರೀಕು ಹಾಕಿ ಸೈನ್ ಮಾಡಿರ್ತಾರೆ, ಪುಟಪುಟಕ್ಕೂ ನಂಬರ್ ಇರುತ್ತೆ, ಬಿಲ್ ಪಾಸಾಗೋದೇ ಅದರ ಮೇಲೆ. ಆ ಪುಟದ ದೃಢೀಕೃತ ನಕಲು ಮತ್ತೆ ಒಂದು ಟೇಪು ಹಿಡ್ಕೊಂಡು ಚರಂಡಿ ಹತ್ರ ಹೋದ್ರೆ ಮುಗೀತು. ನಾಲೆ ಬಯಲಿನ ರೈತರೊಬ್ರು ಹಿಂಗೇ ಅಳೆದು ಬಂದು "ಸಾ, ಪುಸ್ತಕದ್ ಚರಂಡಿ ನಮ್ಮೂರ್ ಚರಂಡಿಗಿಂತ ಉದ್ದ ಐತೆ" ಅಂದ್ರು, ಇಬ್ರೂ ನಕ್ಕು ಆಮೇಲೆ ದೂರು ಬರೆದ್ವಿ.

ಇನ್ನೊಂದು, ನಕಲು ಕೇಳೋದಷ್ಟೇ ಹಕ್ಕು ಅಂದ್ಕೊಂಡಿರ್ತಾರೆ. ಸೆಕ್ಷನ್ 2(ಜೆ) ಪ್ರಕಾರ ಕಡತನ ಕೂತು ನೋಡ್ಬಹುದು, ಟಿಪ್ಪಣಿ ಮಾಡ್ಕೋಬಹುದು, ಕಾಮಗಾರಿ ಪರಿಶೀಲನೆ ಮಾಡ್ಬಹುದು, ಹಾಕಿರೋ ಸಾಮಗ್ರಿಯ ಸ್ಯಾಂಪಲ್ಲೂ ಕೇಳ್ಬಹುದು. ಪುಟಕ್ಕೆ 2 ರೂಪಾಯಿ ಕಟ್ಟಿ ಸಾವಿರ ಪುಟ ಹೊತ್ಕೊಂಡು ಬರೋ ಬದ್ಲು ಮೊದ್ಲು ಹೋಗಿ ನೋಡಿ, ಬೇಕಾದ ಹತ್ತು ಹಾಳೆ ಗುರುತು ಮಾಡಿ. ಕಡತದೊಳಗೆ ಅಧಿಕಾರಿಗಳು ಬರೆದಿರೋ ಟಿಪ್ಪಣಿ ಹಾಳೆ ಮಾತ್ರ ತಪ್ಪಿಸ್ಬೇಡಿ, ಯಾರು ಏನ್ ಬರೆದ್ರು, ಫೈಲು ಯಾರ ಟೇಬಲ್ ಮೇಲೆ ಎಷ್ಟ್ ದಿನ ಮಲಗಿತ್ತು ಅನ್ನೋದೆಲ್ಲ ಅದ್ರಲ್ಲೇ ಇರೋದು.

ಅರ್ಜಿಗೆ 10 ರೂಪಾಯಿ, ಬಿಪಿಎಲ್‌ನೋರಿಗೆ ಅದೂ ಇಲ್ಲ. ಕಾರಣ ಹೇಳ್ಬೇಕಿಲ್ಲ, ಹೇಳೋಕೂ ಹೋಗ್ಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ, ಹಂಗಾಗಿ ಜಮೀನು ಪೋಡಿದು ಚರಂಡಿದು ಎಲ್ಲ ಒಂದ್ರಲ್ಲೇ ತುರುಕಿದ್ರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು ಉಳಿದಿದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ಬಹುದು. ತಪ್ಪು ಇಲಾಖೆಗೆ ಹೋಗಿದ್ರೆ ಚಿಂತೆ ಇಲ್ಲ, ಅವರೇ 5 ದಿನದೊಳಗೆ ಸರಿಯಾದ ಕಡೆ ಕಳಿಸ್ಬೇಕು.

ಉತ್ತರಕ್ಕೆ 30 ದಿನ. ಇಲ್ಲೊಂದು ಸೂಕ್ಷ್ಮ ಇದೆ: ಇಷ್ಟು ಪುಟ ಇಷ್ಟು ದುಡ್ಡು ಅಂತ ಲೆಟರ್ ಬಂದ ಮೇಲೆ ನೀವು ಕಟ್ಟೋವರೆಗಿನ ದಿನ ಲೆಕ್ಕಕ್ಕೆ ಬರಲ್ಲ, ಹಂಗಾಗಿ ತಡ ಮಾಡ್ಬೇಡಿ. ಗಡುವು ಮೀರಿಸಿದ್ದು ಅವರೇ ಆದ್ರೆ ಆಮೇಲೆ ಮಾಹಿತಿ ಪುಕ್ಕಟೆ ಕೊಡ್ಬೇಕು. ಕಡತ ಲಭ್ಯವಿಲ್ಲ ಅಂತ ಬರೆದ್ರೆ ಸುಮ್ನಾಗ್ಬೇಡಿ, ಹುಡುಕಿದ್ದಕ್ಕೆ ದಾಖಲೆ ಕೇಳಿ, ಕಡತ ಕಾಪಾಡೋದು ಆಫೀಸಿನ ಹೊಣೆ, ರಾಜ್ಯದ ಸಾರ್ವಜನಿಕ ದಾಖಲೆಗಳ ಕಾಯ್ದೆ 2010 ಇರೋದೇ ಅದಕ್ಕೆ. ಬೇರೆಯವರ ವೈಯಕ್ತಿಕ ವಿವರ ಸಿಗೋದು ಮಾತ್ರ ಈಗ ಕಷ್ಟ, ಡೇಟಾ ಸಂರಕ್ಷಣೆ ಕಾಯ್ದೆ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ತಿದ್ದುಪಡಿ ಮಾಡಿ ಬಿಗಿ ಮಾಡಿದ್ದಾರೆ, ನನಗಂತೂ ಅದು ಒಪ್ಪಿಗೆ ಇಲ್ಲ. ಆದ್ರೂ ಸಾರ್ವಜನಿಕ ಹಿತಾಸಕ್ತಿ ದೊಡ್ಡದು ಅನ್ಸಿದ್ರೆ ಕೊಡ್ಬಹುದು ಅನ್ನೋ 8(2) ಹಂಗೇ ಉಳಿದಿದೆ, ಅದನ್ನ ಮೇಲ್ಮನವಿಲಿ ಹಾಕಿ.

ಮೊದಲ ಮೇಲ್ಮನವಿ 30 ದಿನದೊಳಗೆ ಅದೇ ಇಲಾಖೆ ಮೇಲಧಿಕಾರಿಗೆ, ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250ರಂತೆ 25,000ದವರೆಗೆ ಅಧಿಕಾರಿಗೆ ದಂಡ ಹಾಕ್ಬಹುದು. ಆ ದುಡ್ಡು ನಮಗೆ ಬರುತ್ತೆ ಅಂತ ತುಂಬಾ ಜನ ಕಾಯ್ತಿರ್ತಾರೆ, ಬರಲ್ಲ, ಅದು ಸರ್ಕಾರಕ್ಕೆ. ನಿಮಗಾದ ನಷ್ಟಕ್ಕೆ ಪರಿಹಾರ ಬೇಕಂದ್ರೆ ಮೇಲ್ಮನವಿಲೇ ಬೇರೆಯಾಗಿ ಕೇಳ್ಬೇಕು, ಬಸ್ ಟಿಕೆಟ್, ಜೆರಾಕ್ಸ್ ಬಿಲ್ ಎಲ್ಲ ಜೋಡಿಸಿ.