ಪರೀಕ್ಷೆ ಬಂತೆಂದು ಕಂಠಪಾಠ ನಿಲ್ಲಿಸಬೇಕೆ?

ಪ್ರಶ್ನೆ: ಶಾಲೆಯ ಓದಿನ ಜೊತೆಗೆ ಧರ್ಮಗ್ರಂಥದ ಕಂಠಪಾಠವೂ ನಡೆದಿದೆ. ಪರೀಕ್ಷೆಗೆಂದು ಅದನ್ನು ಬಿಟ್ಟರೆ ಕಲಿತದ್ದು ಮರೆಯುತ್ತದೆ, ಬಿಡದಿದ್ದರೆ ಅಂಕ ಇಳಿಯುತ್ತದೆ. ಏನು ಮಾಡಲಿ?

ನಿಲ್ಲಿಸಬೇಕಾದ್ದು ಹೊಸ ಪಾಠವನ್ನು, ಕಲಿತದ್ದರ ಪುನರಾವರ್ತನೆಯನ್ನಲ್ಲ. ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು. ಗುರುಗಳಿಗೆ ಒಪ್ಪಿಸಬೇಕಲ್ಲ ಎಂದು ಹೊಸದನ್ನು ಹೇಗೋ ಕಲಿಯುತ್ತಾರೆ, ಹಳೆಯದನ್ನು ‘ಅದು ಬರುತ್ತದೆ’ ಎಂದು ಕೈಬಿಡುತ್ತಾರೆ. ಕಲಿತದ್ದು ಅತಿ ವೇಗವಾಗಿ ಸೋರುವುದು ಮೊದಲ ಒಂದೆರಡು ದಿನಗಳಲ್ಲೇ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಹಿಫ್ಝ್, ಅಂದರೆ ಕುರ್‌ಆನ್ ಕಂಠಪಾಠ, ಕಲಿಸುವವರು ದಿನದ ಪಾಠವನ್ನು ಸಬಕ್, ಸಬ್ಕಿ, ಮನ್ಜಿಲ್ ಎಂದು ಮೂರು ಪಾಲು ಮಾಡುತ್ತಾರೆ: ಇಂದಿನ ಹೊಸದು, ಈಚಿನ ದಿನಗಳದ್ದು, ಬಹಳ ಹಿಂದಿನದು. ಈ ಲೆಕ್ಕ ಯಾವ ಗ್ರಂಥಕ್ಕೂ ಹೊಂದುತ್ತದೆ.

ದಿನಕ್ಕೆ 45 ನಿಮಿಷ ಸಿಕ್ಕರೆ 15 ಹೊಸದಕ್ಕೆ, 10 ಈಚಿನದಕ್ಕೆ, 20 ಹಳೆಯದಕ್ಕೆ ಕೊಡಿ. ಪರೀಕ್ಷೆಯ ತಿಂಗಳಲ್ಲಿ ಮೊದಲ 15 ನಿಮಿಷ ತೆಗೆದುಬಿಡಿ. ಎರಡು ವಾರ ಕಳೆಯುವಷ್ಟರಲ್ಲಿ ಈಚಿನದೂ ಹಳೆಯದರಲ್ಲಿ ಸೇರಿಹೋಗುವುದರಿಂದ ಆಮೇಲೆ 20 ನಿಮಿಷ ಸಾಕು.

ವೇಗದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಗೀತೆಯ 700 ಶ್ಲೋಕಗಳು ವಾರಕ್ಕೆ 5 ದಿನ, ದಿನಕ್ಕೆರಡರಂತೆ 70 ವಾರಕ್ಕೆ ಮುಗಿಯುತ್ತವೆ. ಪರೀಕ್ಷೆ, ಜ್ವರ, ಪ್ರಯಾಣ ಎಲ್ಲ ಸೇರಿ ಎರಡು ವರ್ಷವೆಂದೇ ಹಿಡಿಯಿರಿ. 604 ಪುಟಗಳ ಮುದ್ರಣದ ಕುರ್‌ಆನ್ ಹೀಗೇ ವಾರಕ್ಕೆ 5 ದಿನ, ದಿನಕ್ಕೆ ಅರ್ಧ ಪುಟದಂತೆ ನಾಲ್ಕೂವರೆ ವರ್ಷ ದಾಟುತ್ತದೆ. ಒಂದೇ ವರ್ಷದಲ್ಲಿ ಮುಗಿಸುವ ಹಟ ಶಾಲೆಯ ಓದನ್ನು ನುಂಗಿಬಿಡುತ್ತದೆ.

ನಾಲಗೆ ತಡವರಿಸುವುದು ಸಾಲಿನ ನಡುವೆ ಕಡಿಮೆ, ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲೇ ಹೆಚ್ಚು. ವೇದದ ಕ್ರಮಪಾಠದಲ್ಲಿ ಒಂದು–ಎರಡು, ಎರಡು–ಮೂರು ಎಂದು ಪದಗಳನ್ನು ಜೋಡಿಜೋಡಿಯಾಗಿ ಹೇಳುತ್ತಾರಲ್ಲ, ಹಾಗೆಯೇ ಹಿಂದಿನ ಸಾಲಿನ ಕೊನೆಯ ಪದಕ್ಕೆ ಮುಂದಿನದರ ಮೊದಲ ಪದ ಸೇರಿಸಿ ಹತ್ತು ಸಲ ಹೇಳಿ. ಒಂದರಂತೆ ಒಂದಿರುವ ಸಾಲುಗಳನ್ನು ಒಂದೇ ದಿನ ಕಲಿಯಬೇಡಿ. ವಾರಕ್ಕೊಮ್ಮೆಯಾದರೂ ಬಲ್ಲವರೊಬ್ಬರಿಗೆ ಒಪ್ಪಿಸಿ; ಒಬ್ಬರೇ ಹೇಳಿಕೊಂಡರೆ ತಪ್ಪೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ.

ಹೊಸ ಪಾಠ ಬೆಳಿಗ್ಗೆ, ಶಾಲೆಗೆ ಮುಂಚೆಯೇ ಆಗಲಿ. ಅದರ ಬೆನ್ನಿಗೇ ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡಿದರೆ ಒಂದನ್ನೊಂದು ಕಲಸುತ್ತವೆ. ನಡುವೆ ಗಣಿತ ಇಡಿ. ಕಂಠಪಾಠದವರು ಎಡವುವುದೂ ಗಣಿತದಲ್ಲೇ: ಬಿಡಿಸಿಟ್ಟ ಲೆಕ್ಕವನ್ನು ಶ್ಲೋಕದಂತೆ ಓದಿ ‘ಬಂತು’ ಅಂದುಕೊಳ್ಳುತ್ತಾರೆ, ಸಂಖ್ಯೆ ಬದಲಾದರೆ ಕೈ ನಿಲ್ಲುತ್ತದೆ. ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ಬಿಡಿಸಬೇಕು. ಪುಸ್ತಕ ನೋಡದೆ ನೆನಪಿನಿಂದ ತೆಗೆಯುವ ಅಭ್ಯಾಸ ನಿಮಗೆ ಹೇಗೂ ಇದೆ, ಅದನ್ನು ವಿಜ್ಞಾನದ ಪಾಠಕ್ಕೂ ಹಚ್ಚಿ.

ಪರೀಕ್ಷೆ ಮುಗಿದ ಮರುದಿನವೇ ಹೊಸದಕ್ಕೆ ಹಾರಬೇಡಿ. ಹಳೆಯದನ್ನೆಲ್ಲ ಒಂದು ಸುತ್ತು ಒಪ್ಪಿಸಿ, ತಡವರಿಸಿದಲ್ಲಿ ಪೆನ್ಸಿಲ್ ಗುರುತು ಹಾಕಿ. ಪುಟಕ್ಕೆ ಮೂರು ಗುರುತಿಗಿಂತ ಹೆಚ್ಚಾದರೆ ಇನ್ನೊಂದು ವಾರ ಅಲ್ಲೇ ಇರಿ.