ದಪ್ಪಗಿದ್ದರೆ ಮೂಳೆ ಗಟ್ಟಿಯೇ?

ಪ್ರಶ್ನೆ: ನನಗೆ 66 ವರ್ಷ, ತೂಕ 78 ಕಿಲೊ. ಮುಟ್ಟು ನಿಂತು 18 ವರ್ಷವಾಯಿತು. ದಪ್ಪಗಿರುವವರ ಮೂಳೆ ಗಟ್ಟಿ ಎನ್ನುತ್ತಾರೆ. ನನಗೂ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ?

ಉತ್ತರ: ಬೇಕು. 65 ದಾಟಿದ ಮೇಲೆ ತೂಕ ಎಷ್ಟೇ ಇರಲಿ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಒಮ್ಮೆ ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ (ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ‘ದಪ್ಪಗಿದ್ದರೆ ಗಟ್ಟಿ’ ಎಂಬ ಮಾತಿಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಅದರಲ್ಲಿ ಎಳ್ಳಷ್ಟು ನಿಜವಿದೆ, ಅದಕ್ಕೇ ಅದು ಸಾಯುತ್ತಿಲ್ಲ. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೂ ಮೈಯ ಕೊಬ್ಬು ಮೂಳೆ ಕಾಯುವ ಹಾರ್ಮೋನು ಈಸ್ಟ್ರೋಜನ್ ಅನ್ನು ಸ್ವಲ್ಪ ತಯಾರಿಸುತ್ತದೆ. ಭಾರ ಹೊರುವ ಮೂಳೆಯ ಸಾಂದ್ರತೆಯೂ ತುಸು ಹೆಚ್ಚಿರುತ್ತದೆ. ತೀರಾ ಸಣಕಲು ಮೈಯವರಿಗೆ ಸೊಂಟ ಮುರಿಯುವ ಭಯ ಹೆಚ್ಚು ಎಂಬುದೂ ಸರಿಯೇ. ಆದರೆ ನಿಮ್ಮ 78 ಕಿಲೊದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು? ತೂಕದ ಯಂತ್ರ ಅದನ್ನು ಹೇಳುವುದಿಲ್ಲ. ಸ್ನಾಯು ಎಳೆದಾಗಲೆಲ್ಲ ಮೂಳೆ ಬಲಗೊಳ್ಳುತ್ತದೆ. ಹೊಟ್ಟೆಯೊಳಗೆ ತುಂಬಿಕೊಂಡ ಕೊಬ್ಬು ಎಳೆಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ಅದು ಹೊರಬಿಡುವ ಉರಿಯೂತದ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಹುರಿದುಂಬಿಸುತ್ತವೆ. ಬಚ್ಚಲಲ್ಲಿ ಜಾರಿದರೆ ಸೊಂಟದ ಪಕ್ಕದ ಕೊಬ್ಬು ದಿಂಬಿನಂತೆ ಕಾದೀತು, ಪಾದದ ಗಂಟಿಗೆ ದಿಂಬೆಲ್ಲಿದೆ? ಅಲ್ಲಿನ ಮುರಿತ, ಹೆಗಲ ಬಳಿ ತೋಳಿನ ಮುರಿತ ದಪ್ಪ ಮೈಯವರಲ್ಲೇ ಹೆಚ್ಚು ಕಂಡುಬಂದಿದೆ.

ಹಾಗೆಂದು ನಾಳೆಯಿಂದ ರಾತ್ರಿಯೂಟ ಬಿಡಬೇಡಿ. ಬರೀ ಉಪವಾಸದಿಂದ ಇಳಿದ ತೂಕದಲ್ಲಿ ಸ್ನಾಯು, ಮೂಳೆಗಳ ಪಾಲೂ ಇರುತ್ತದೆ. ಬೇಳೆ, ಮೊಸರು, ಒಗ್ಗುವುದಾದರೆ ಮೊಟ್ಟೆ ದಿನವೂ ಇರಲಿ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350, ಆದ್ದರಿಂದ ಮುದ್ದೆಯೊಂದನ್ನೇ ನಂಬಿ ಕೂರಬೇಡಿ. ಇವತ್ತೇ ಒಂದು ಕೆಲಸ ಮಾಡಿ: ಕುರ್ಚಿಯಿಂದ ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ, ಗಮನಿಸಿ. ತೊಡೆಯನ್ನು ಒತ್ತಿಕೊಂಡೋ ಮೇಜು ಹಿಡಿದೋ ಏಳುವವರಾದರೆ, ಕೈಯೂರದೆ ಎದ್ದು ಕೂರುವುದೇ ನಿಮ್ಮ ಮೊದಲ ವ್ಯಾಯಾಮ.

ಮಂಡಿ ನೋವು, ಅದಕ್ಕೇ ಕೈಯೂರುತ್ತೇನೆ ಎನ್ನುತ್ತೀರಾ? ಕೇಳದಿದ್ದರೂ ಹೇಳಿಬಿಡುತ್ತೇನೆ. ‘ಮೂಳೆ ಸವೆತ’ ಎಂಬ ಒಂದೇ ಹೆಸರನ್ನು ಎರಡು ಕಾಯಿಲೆಗಳಿಗೆ ಇಟ್ಟು ಕೂತಿದ್ದೇವೆ. ಮಂಡಿಯಲ್ಲಿ ಮುಖ್ಯವಾಗಿ ಸವೆಯುವುದು ಮೂಳೆಯ ತುದಿಯ ಮೃದ್ವಸ್ಥಿ. ಅದು ನೋಯುತ್ತದೆ, ತೂಕ ಏರಿದಷ್ಟೂ ಕೆಡುತ್ತದೆ. ಮೂಳೆ ಟೊಳ್ಳಾಗುವುದು ಬೇರೆ, ಮುರಿಯುವವರೆಗೂ ಅದರ ಸುಳಿವೇ ಸಿಗದಿರಬಹುದು. ಒಬ್ಬರಿಗೇ ಎರಡೂ ಇರಬಹುದು. ಮಂಡಿಯ ಎಕ್ಸ್‌ರೇ ತೆಗೆಸಿದ್ದೇನೆ, ಇನ್ನು ಡೆಕ್ಸಾ ಏಕೆ ಎಂದು ಮುಂದಿನ ವಾರ ಯಾರಾದರೂ ಕೇಳಿಯೇ ಕೇಳುತ್ತಾರೆ.