ಅಮೆಜಾನಿನ ಹೂಳು ಎಲ್ಲಿಗೆ ಹೋಗುತ್ತದೆ?

ಮುಂಗಾರು ಜೋರಾದರೆ ನಮ್ಮ ಪತ್ರಿಕೆಗಳ ಮೂಲೆಯಲ್ಲಿ ದಿನಾ ಒಂದು ಪಟ್ಟಿ ಬರುತ್ತದೆ. ಯಾವ ಜಲಾಶಯಕ್ಕೆ ಎಷ್ಟು ಕ್ಯೂಸೆಕ್ ಒಳಹರಿವು, ಎಷ್ಟು ಹೊರಹರಿವು ಅಂತ. ತುಂಗಭದ್ರೆಯಲ್ಲಿ ಅದು ಒಂದು ಲಕ್ಷ ದಾಟಿದರೆ ಮುಖಪುಟದ ಸುದ್ದಿ. ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿರುತ್ತದೆ. ಆ ಪಟ್ಟಿಯಲ್ಲಿ ಕಾಣದ ಒಂದು ಲೆಕ್ಕವಿದೆ. ಆ ಕೆಂಪು ನೀರಿನಲ್ಲಿ ಮಣ್ಣು ಎಷ್ಟು? ನೀರು ಹೋದ ಕಡೆ ಅದೂ ಹೋಗುತ್ತದೆ ಅಲ್ವಾ ಅಂತ ನಾವು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಮಣ್ಣು ಹೊರಡುವ ತಿಂಗಳು ಬೇರೆ, ತಂಗುವ ಜಾಗಗಳು ಬೇರೆ. ಸಮುದ್ರ ಸೇರಿದ ಮೇಲೂ ಅದು ನೂರಾರು ವರ್ಷ ಚಲಿಸುತ್ತಿರಬಹುದು. ಇದನ್ನು ವಿಜ್ಞಾನಿಗಳು ಬಹಳ ವಿವರವಾಗಿ ನೋಡಿರುವುದು ಅಮೆಜಾನ್ ನದಿಯಲ್ಲಿ.

ಅಮೆಜಾನಿನ ಸರಾಸರಿ ಹರಿವು ಸೆಕೆಂಡಿಗೆ ಸುಮಾರು ಎರಡು ಲಕ್ಷ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳಿದರೆ 70 ಲಕ್ಷ ಕ್ಯೂಸೆಕ್. ಖಾಲಿ ಕೆಆರ್‌ಎಸ್ ಜಲಾಶಯವನ್ನು ಈ ನದಿಯ ಕೆಳಗಿಟ್ಟರೆ ಎರಡು ಗಂಟೆಯಲ್ಲಿ ತುಂಬಿ ಕೋಡಿ ಬೀಳುತ್ತದೆ. ಈ ನೀರು ವರ್ಷಕ್ಕೆ ಹೊತ್ತು ತರುವ ಮಣ್ಣು 110ರಿಂದ 120 ಕೋಟಿ ಟನ್. ವಿಶೇಷ ಏನೆಂದರೆ, ಇದರ ಬಹುಪಾಲು ಆ ದೊಡ್ಡ ಮಳೆಕಾಡಿನದಲ್ಲ. ನದಿಯ ಜಲಾನಯನ ಪ್ರದೇಶದಲ್ಲಿ ಆಂಡಿಸ್ ಬೆಟ್ಟಗಳ ಪಾಲು ಸುಮಾರು ಎಂಟನೇ ಒಂದು ಭಾಗ ಅಷ್ಟೆ. ಆದರೂ ಕೆಸರಿನ ದೊಡ್ಡ ಪಾಲು ಬರುವುದು ಅಲ್ಲಿಂದಲೇ. ರೊನಾಲ್ಡ್ ಗಿಬ್ಸ್ ಎಂಬ ಭೂವಿಜ್ಞಾನಿ 1967ರಲ್ಲೇ ಇದನ್ನು ತೋರಿಸಿದ್ದರು. ಬೆಟ್ಟ ಕುಸಿಯುತ್ತದೆ, ಮಳೆ ತೊಳೆಯುತ್ತದೆ, ನದಿ ಹೊರುತ್ತದೆ. ಕಾಡಿನ ಸಮತಟ್ಟು ನೆಲದಲ್ಲಿ ಹುಟ್ಟುವ ರಿಯೋ ನೀಗ್ರೊದಂಥ ಉಪನದಿಯಲ್ಲಿ ಮಣ್ಣು ತೀರಾ ಕಡಿಮೆ. ಅದರ ನೀರು ಕಪ್ಪು ಚಹಾದ ಬಣ್ಣದ್ದು. ಮನೌಸ್ ನಗರದ ಹತ್ತಿರ ಅದು ಆಂಡಿಸ್‌ನಿಂದ ಬಂದ ಕಂದು ನೀರನ್ನು ಸೇರಿದಾಗ ಎರಡೂ ಬೆರೆಯದೆ ಹಲವು ಕಿಲೋಮೀಟರ್ ಪಕ್ಕಪಕ್ಕದಲ್ಲೇ ಹರಿಯುತ್ತವೆ.

ಇಷ್ಟು ದೊಡ್ಡ ನದಿಯ ಮಣ್ಣನ್ನು ಅಳೆಯುವುದು ಹೇಗೆ? ಸಮುದ್ರದಿಂದ ಸುಮಾರು 800 ಕಿ.ಮೀ. ಒಳಗೆ ಓಬಿಡೋಸ್ ಎಂಬ ಊರಿದೆ. ಅಲ್ಲಿ ಇಡೀ ಅಮೆಜಾನ್ ಎರಡು ಕಿಲೋಮೀಟರಿಗಿಂತ ಕಿರಿದಾದ ಒಂದೇ ಕಾಲುವೆಯಲ್ಲಿ ಹಾದುಹೋಗುತ್ತದೆ. ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಆದರೆ ದಂಡೆಯಲ್ಲಿ ನಿಂತು ಒಂದು ಬಕೆಟ್ ನೀರು ಎತ್ತಿದರೆ ಸಾಲದು. ನುಣ್ಣನೆಯ ಜೇಡಿ ಮೇಲಿಂದ ಕೆಳಗೆ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಮರಳು ಮಾತ್ರ ತಳದಲ್ಲೇ ಜಾಸ್ತಿ. ಹಾಗಾಗಿ ಭಾರವಾದ ಬಾಟಲಿಯನ್ನು ದೋಣಿಯಿಂದ ತಳದವರೆಗೆ ಇಳಿಸಿ, ಒಂದೇ ವೇಗದಲ್ಲಿ ಮೇಲೆ ಎಳೆದು, ಪ್ರತಿ ಆಳದ ನೀರೂ ಸರಿಯಾದ ಪ್ರಮಾಣದಲ್ಲಿ ಒಳಗೆ ಬರುವಂತೆ ನೋಡಿಕೊಳ್ಳಬೇಕು. ಇದನ್ನು ನದಿಯ ಅಗಲಕ್ಕೂ ಹಲವು ಕಡೆ ಮಾಡಬೇಕು. ಆಮೇಲೆ ಸೋಸಿ, ಒಣಗಿಸಿ, ತೂಗಬೇಕು.

1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೀಡ್ ಮತ್ತು ಬ್ರೆಜಿಲಿನ ಸಂಗಡಿಗರು ಹಡಗಿನಲ್ಲಿ ನದಿಯುದ್ದಕ್ಕೂ ಓಡಾಡಿ ಬೇರೆಬೇರೆ ಕಾಲದಲ್ಲಿ ಹೀಗೆ ಅಳೆದರು. ನದಿ ಏರುವಾಗ ಹೂಳಿನ ಒಂದು ಪಾಲು ಕೆಳಪಾತ್ರದಲ್ಲೇ ತಂಗುತ್ತದೆ, ನದಿ ಇಳಿಯುವಾಗ ಅದೇ ಹೂಳು ಮತ್ತೆ ಎದ್ದು ಹೊರಡುತ್ತದೆ ಎಂದು ಅವರು ಕಂಡುಕೊಂಡರು. ಓಬಿಡೋಸ್‌ನಲ್ಲಿ ಕೆಸರು ಅತಿ ಹೆಚ್ಚಿರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ನೀರು ಅತಿ ಹೆಚ್ಚಿರುವುದು ಮೇ, ಜೂನ್‌ನಲ್ಲಿ. ನೀರಿನ ಅಂಕಿ ನೋಡಿ ಮಣ್ಣಿನ ಲೆಕ್ಕ ಊಹಿಸಲು ಹೊರಟವರು ತಪ್ಪುವುದು ಇಲ್ಲೇ. ಈಗ ಹೈಬ್ಯಾಮ್ ಎಂಬ ಅಂತರರಾಷ್ಟ್ರೀಯ ಜಾಲದವರು ಹತ್ತು ದಿನಕ್ಕೊಮ್ಮೆ ಇಲ್ಲಿ ನೀರು ಹಿಡಿದು ತೂಗುತ್ತಾರೆ. ನೀರಿನ ಬಣ್ಣವನ್ನು ಉಪಗ್ರಹಗಳೂ ನೋಡುತ್ತವೆ. ಆದರೆ ಆ ಬಣ್ಣಕ್ಕೆ ಎಷ್ಟು ಮಿಲಿಗ್ರಾಂ ಎಂದು ಹೇಳಲು ಕೊನೆಗೂ ಬಾಟಲಿಯೇ ಬೇಕು.

ಇನ್ನು ಸಮುದ್ರಕ್ಕೆ ಬರೋಣ. ಇಷ್ಟು ಮಣ್ಣು ತರುವ ನದಿ ಅಳಿವೆಯಲ್ಲಿ ದೊಡ್ಡ ಡೆಲ್ಟಾ ಕಟ್ಟಿಕೊಂಡು ಸಮುದ್ರದೊಳಗೆ ಚಾಚಿಕೊಂಡಿರಬೇಕಿತ್ತು. ನಕ್ಷೆ ನೋಡಿ, ಅಲ್ಲಿ ಅಂಥದ್ದೇನೂ ಇಲ್ಲ. ಹಾಗಾದರೆ ಮಣ್ಣು ಎಲ್ಲಿ ಹೋಯಿತು? ಇದನ್ನೇ ಹುಡುಕಲು ಚಾರ್ಲ್ಸ್ ನಿಟ್ರೌವರ್ ಅವರ ಮುಂದಾಳತ್ವದಲ್ಲಿ ಅಮೆರಿಕ ಮತ್ತು ಬ್ರೆಜಿಲಿನ ವಿಜ್ಞಾನಿಗಳು 1989ರಿಂದ 1991ರವರೆಗೆ 'ಅಮಾಸೆಡ್ಸ್' ಎಂಬ ದೊಡ್ಡ ಅಧ್ಯಯನ ನಡೆಸಿದರು. ಒಂದೇ ಸಮುದ್ರಕ್ಕೆ ನಾಲ್ಕು ಸಲ ಹೋದರು: ನದಿ ಏರುವಾಗ, ತುಂಬಿದಾಗ, ಇಳಿಯುವಾಗ, ಬತ್ತಿದಾಗ. ಒಂದೇ ಸಲ ಹೋಗಿ ಬಂದಿದ್ದರೆ ಅವರಿಗೆ ಸಿಗುತ್ತಿದ್ದುದು ಒಂದು ಋತುವಿನ ಚಿತ್ರ ಮಾತ್ರ.

ಅಮೆಜಾನಿನ ರಭಸಕ್ಕೆ ಉಪ್ಪುನೀರು ನದಿಯ ಬಾಯಿಯೊಳಗೆ ಬರುವುದಕ್ಕೇ ಆಗುವುದಿಲ್ಲ. ಸಿಹಿನೀರು, ಉಪ್ಪುನೀರು ಎದುರಾಗುವುದು ಹೊರಗೆ, ತೆರೆದ ಸಮುದ್ರದಲ್ಲಿ. ಜೇಡಿಯ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಸಿಹಿನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಸೇರಿದೊಡನೆ ಆ ತಳ್ಳಾಟ ಕಡಿಮೆಯಾಗಿ ಕಣಗಳು ಅಂಟಿಕೊಂಡು ಗಂಟಾಗುತ್ತವೆ, ಬೇಗ ತಳಕ್ಕಿಳಿಯುತ್ತವೆ. ಮೇಲಿನ ಸಿಹಿನೀರು ಹೊರಗೆ ಹರಿದರೆ, ತಳದ ಉಪ್ಪುನೀರು ದಡದ ಕಡೆಗೆ ಬರುತ್ತಿರುತ್ತದೆ. ಇಳಿದ ಮಣ್ಣು ಆ ನೀರಿನ ಜೊತೆ ಹಿಂದಕ್ಕೆ ಬಂದು ಎರಡು ನೀರು ಕೂಡುವ ಗಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಅಲ್ಲಿ ಗೇಲ್ ಕಿನೆಕ್ ಮತ್ತು ರಿಚರ್ಡ್ ಸ್ಟರ್ನ್‌ಬರ್ಗ್ ಕಂಡಿದ್ದು ಹರಿಯುವ ಕೆಸರಿನ ಪದರ. ಲೀಟರಿಗೆ 10 ಗ್ರಾಂಗಿಂತ ಜಾಸ್ತಿ ಮಣ್ಣು. ಕೆಲವು ಕಡೆ ಅದರ ಎಷ್ಟೋ ಪಟ್ಟು. ನೀರೆಂದರೆ ನೀರಲ್ಲ, ನೆಲವೆಂದರೆ ನೆಲವಲ್ಲ. ಏಳು ಮೀಟರ್‌ವರೆಗೂ ದಪ್ಪವಿದ್ದ ಈ ಪದರ ಸಾವಿರಾರು ಚದರ ಕಿಲೋಮೀಟರ್ ಹರಡಿತ್ತು. ಅದರಲ್ಲಿದ್ದ ಮಣ್ಣು ನದಿ ವರ್ಷಪೂರ್ತಿ ತರುವ ಮಣ್ಣಿಗೆ ಹೋಲಿಸುವಷ್ಟು. ಒಂದು ವರ್ಷದ ಹೂಳು ಇಳಿಯುವುದೂ ಏಳುವುದೂ ಮಾಡುತ್ತಾ ಸಮುದ್ರದ ತಳದಲ್ಲಿ ಅಲೆಯುತ್ತಿದೆ ಎಂಬುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಸಂಗತಿ. ಹೀಗೆ ಮತ್ತೆ ಮತ್ತೆ ಕದಡುವಾಗ ಮಣ್ಣಿನ ಜೊತೆ ಬಂದ ಎಲೆ, ಬೇರುಗಳ ಇಂಗಾಲವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಅದರ ಬಹುಪಾಲು ತಳದಲ್ಲಿ ಹೂತುಹೋಗುವ ಬದಲು ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ.

ಕೊನೆಗೆ ಮಣ್ಣು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ತಳಕ್ಕೆ ಕೊಳವೆ ಚುಚ್ಚಿ ಮಣ್ಣಿನ ಕಂಬ ತೆಗೆದು, ತೆಳ್ಳಗೆ ಕೊಯ್ದು, ಸೀಸ-210 ಎಂಬ ವಿಕಿರಣಶೀಲ ಧಾತುವನ್ನು ಅಳೆಯುತ್ತಾರೆ. ಜೇಡಿಗೆ ಅಂಟಿಕೊಂಡಿರುವ ಇದು 22 ವರ್ಷಕ್ಕೆ ಅರ್ಧವಾಗುತ್ತದೆ. ಎಷ್ಟು ಆಳದಲ್ಲಿ ಅರ್ಧವಾಗಿದೆ ಎಂದು ನೋಡಿದರೆ ಆ ಪದರದ ವಯಸ್ಸು ಸಿಗುತ್ತದೆ. 30ರಿಂದ 60 ಮೀಟರ್ ನೀರಿನಡಿ ಕೆಲವು ಕಡೆ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಮಣ್ಣು ಕೂಡುತ್ತಿರುವುದು ಹೀಗೆ ಗೊತ್ತಾಯಿತು. ಅಂದರೆ ಅಮೆಜಾನ್ ತನ್ನ ಡೆಲ್ಟಾವನ್ನು ನೀರಿನ ಅಡಿಯಲ್ಲಿ ಕಟ್ಟುತ್ತಿದೆ. ಬಲವಾದ ಉಬ್ಬರ ಇಳಿತ, ಅಲೆಗಳು ಮತ್ತು 'ಉತ್ತರ ಬ್ರೆಜಿಲ್ ಪ್ರವಾಹ' ಎಂಬ ಸಾಗರದ ಹರಿವು ಸೇರಿ ಅದನ್ನು ಮೇಲೆ ಏಳಲು ಬಿಡುವುದಿಲ್ಲ.

ಉಷ್ಣವಲಯದ ನದಿಗಳನ್ನು ಬೇರೆಯಾಗಿ ನೋಡಬೇಕಾದ ಒಂದು ಕಾರಣ ಇಲ್ಲಿದೆ. ಭೂಮಿ ತಿರುಗುವುದರಿಂದ ಉತ್ತರ ಗೋಳಾರ್ಧದಲ್ಲಿ ಹರಿಯುವ ನೀರು ಬಲಕ್ಕೆ ವಾಲುತ್ತದೆ. ತಂಪು ದೇಶಗಳ ನದಿಗಳು ಸಮುದ್ರ ಸೇರಿದ ಮೇಲೆ ದಡಕ್ಕೆ ಅಂಟಿಕೊಂಡು ಹರಿಯಲು ಇದೂ ಕಾರಣ. ಸಮಭಾಜಕದ ಮೇಲೆ ಈ ಸೆಳೆತ ಸೊನ್ನೆ. ಅಲ್ಲಿ ಕೆಸರು ನೀರಿನ ದಾರಿಯನ್ನು ಗಾಳಿ ಮತ್ತು ಪ್ರವಾಹಗಳೇ ನಿರ್ಧರಿಸುತ್ತವೆ. ಸಾಲದ್ದಕ್ಕೆ ಬಿಸಿ ಮತ್ತು ಮಳೆ ಕಲ್ಲನ್ನು ಬೇಗ ಜೇಡಿ ಮಾಡುತ್ತವೆ. ಜಾವಾ, ಸುಮಾತ್ರಾ, ಬೋರ್ನಿಯೊ, ನ್ಯೂಗಿನಿಯಂಥ ದ್ವೀಪಗಳು ಸೇರಿ ಭೂಮಿಯ ನೆಲದಲ್ಲಿ ನೂರಕ್ಕೆ ಎರಡು ಪಾಲು. ಜಗತ್ತಿನ ನದಿಗಳು ಸಮುದ್ರಕ್ಕೆ ಹಾಕುವ ಮಣ್ಣಿನಲ್ಲಿ ಸುಮಾರು ಐದನೇ ಒಂದು ಭಾಗ ಅವುಗಳದ್ದೇ ಎಂದು ಜಾನ್ ಮಿಲ್ಲಿಮನ್ ಮತ್ತು ಸಂಗಡಿಗರು 1999ರಲ್ಲಿ ಅಂದಾಜು ಮಾಡಿದರು.

ಅಮೆಜಾನಿನ ಎಲ್ಲ ಮಣ್ಣೂ ಅಳಿವೆಯ ಎದುರಿನಲ್ಲೇ ಉಳಿಯುವುದಿಲ್ಲ. ಶೇಕಡ 15ರಿಂದ 20ರಷ್ಟು ದಡದ ಉದ್ದಕ್ಕೆ ವಾಯವ್ಯಕ್ಕೆ ಹೊರಡುತ್ತದೆ. ಫ್ರೆಂಚ್ ಗಯಾನಾ, ಸುರಿನಾಮ್, ಗಯಾನಾ ದಾಟಿ ವೆನೆಜುವೆಲಾದ ಒರಿನೋಕೊ ನದಿಯವರೆಗೆ, ಸುಮಾರು 1,500 ಕಿ.ಮೀ. ಹೋಗುತ್ತದೆ. ಹೋಗುವ ರೀತಿಯೂ ವಿಚಿತ್ರ. ಮಣ್ಣು ದೊಡ್ಡ ದೊಡ್ಡ ದಿಬ್ಬಗಳಾಗಿ ಒಂದರ ಹಿಂದೆ ಒಂದು ಸಾಗುತ್ತದೆ. ಒಂದೊಂದು ದಿಬ್ಬ 10ರಿಂದ 60 ಕಿ.ಮೀ. ಉದ್ದ, ನಡುವೆ ಖಾಲಿ ಜಾಗ. ವಾಣಿಜ್ಯ ಮಾರುತ ಎಬ್ಬಿಸುವ ಅಲೆಗಳು ದಿಬ್ಬದ ಹಿಂಬದಿಯನ್ನು ಕದಡಿ ನೀರಾಗಿಸುತ್ತವೆ. ಆ ಕೆಸರು ಮುಂದಕ್ಕೆ ಹರಿದು ಮುಂಬದಿಯಲ್ಲಿ ಕೂರುತ್ತದೆ. ಹೀಗೆ ಇಡೀ ದಿಬ್ಬ ವರ್ಷಕ್ಕೆ ಒಂದರಿಂದ ಐದು ಕಿಲೋಮೀಟರ್ ಮುಂದೆ ಸರಿಯುತ್ತದೆ. ಇಡೀ ದಾರಿ ಸವೆಸಲು ಅತಿ ವೇಗದ್ದಕ್ಕೂ ಮುನ್ನೂರು ವರ್ಷ ಬೇಕು.

ದಿಬ್ಬ ಎದುರಿಗಿದ್ದರೆ ಆ ದಡಕ್ಕೆ ಸುಗ್ಗಿ. ಮೆತ್ತಗಿನ ಕೆಸರು ಅಲೆಯ ಶಕ್ತಿಯನ್ನು ಹೀರಿಕೊಂಡುಬಿಡುತ್ತದೆ, ಸಮುದ್ರ ಶಾಂತ. ಕೇರಳದ ಆಲಪ್ಪುಳದ ಕಡೆ ಮಳೆಗಾಲದಲ್ಲಿ ಬರುವ 'ಚಾಕರ'ದಲ್ಲೂ ಕೆಸರು ಅಲೆಯನ್ನು ಹೀಗೇ ತಣಿಸುತ್ತದೆ. ಸುತ್ತಲಿನ ಕಡಲು ಅಬ್ಬರಿಸುವಾಗ ಮೀನುಗಾರರು ಅಲ್ಲಿ ದೋಣಿ ಇಳಿಸುತ್ತಾರೆ. ಗಯಾನಾ ಕರಾವಳಿಯಲ್ಲಿ ಇಳಿತದ ಹೊತ್ತಿಗೆ ಒಣಗುವ ಕೆಸರಿನ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳು ಎದ್ದು ಕೆಲವೇ ವರ್ಷದಲ್ಲಿ ಕಾಡಾಗುತ್ತವೆ. ದಿಬ್ಬ ಮುಂದೆ ಸರಿದ ಮೇಲೆ ಅಲೆ ನೇರ ದಡಕ್ಕೆ ಬಡಿಯುತ್ತದೆ. ಕಾಂಡ್ಲಾ ಮರಗಳು ಬೇರುಸಹಿತ ಉರುಳುತ್ತವೆ. ಫ್ರೆಂಚ್ ಗಯಾನಾದ ಮಾನಾ ಎಂಬಲ್ಲಿ 1980ರ ದಶಕದಲ್ಲಿ ದೊಡ್ಡದಾಗಿ ಭತ್ತದ ಗದ್ದೆ ಮಾಡಿದ್ದರು. ಮುಂದೆ ಆ ಗದ್ದೆಗಳ ಅಂಚು ನೂರಾರು ಮೀಟರ್ ಸಮುದ್ರದ ಪಾಲಾಯಿತು.

ಅದೇ ಕರಾವಳಿಯ ಕೌರುವಿನಲ್ಲಿ ಯುರೋಪಿನ ರಾಕೆಟ್ ಕೇಂದ್ರವಿದೆ. ನಮ್ಮ ಹಾಸನದ ಕೇಂದ್ರ ನೋಡಿಕೊಳ್ಳುವ ಜಿಸ್ಯಾಟ್-11 ಉಪಗ್ರಹ 2018ರಲ್ಲಿ ಹಾರಿದ್ದು ಅಲ್ಲಿಂದಲೇ. ಫ್ರೆಂಚ್ ಗಯಾನಾದ ಬಂದರುಗಳಿಗೆ ಹಡಗು ಬರಬೇಕಾದರೆ ಅಮೆಜಾನಿನ ಕೆಸರನ್ನು ಮತ್ತೆ ಮತ್ತೆ ತೆಗೆಯಬೇಕು. ಇನ್ನೂ ಪಶ್ಚಿಮಕ್ಕೆ, ಗಯಾನಾ ದೇಶದ ಬಹುಪಾಲು ಜನ ಇರುವ ಕರಾವಳಿ ಪಟ್ಟಿಯೇ ಈ ಮಣ್ಣಿನಿಂದ ಆದದ್ದು. 1838ರಿಂದ ಭಾರತದಿಂದ ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಹೋದವರ ಸಂತತಿ ಇವತ್ತು ಭತ್ತ ಬೆಳೆಯುವುದು ಇದರ ಮೇಲೆ. ಕ್ರಿಕೆಟ್ ಬಲ್ಲವರಿಗೆ ಗೊತ್ತಿರುವ ಜಾರ್ಜ್‌ಟೌನ್‌ನ ಬೋರ್ಡಾ ಮೈದಾನವಿರುವುದು ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿ. ಊರನ್ನು ಕಾಯಲು ತಡೆಗೋಡೆ ಇದೆ. ಗೋಡೆಯ ಎದುರು ಕೆಸರು ದಿಬ್ಬ ಇದೆಯೋ ಇಲ್ಲವೋ ಎಂಬುದರ ಮೇಲೆ ಅದಕ್ಕೆ ಬೀಳುವ ಪೆಟ್ಟು ನಿಂತಿದೆ.

ಇದರ ಹಿಂದೆ ಚಂದ್ರನ ಕೈವಾಡವೂ ಇದೆ. ಚಂದ್ರನ ಕಕ್ಷೆಯ ಓರೆ 18.6 ವರ್ಷಕ್ಕೊಮ್ಮೆ ಸುತ್ತು ಬರುತ್ತದೆ. ಅದರಿಂದ ಉಬ್ಬರದ ಎತ್ತರ ಕೆಲವು ಸೆಂಟಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ನಿಕೋಲಸ್ ಗ್ರಾಶಿಯೊ ಮತ್ತು ಸಂಗಡಿಗರು 2008ರಲ್ಲಿ ಹತ್ತಾರು ಉಪಗ್ರಹ ಚಿತ್ರಗಳನ್ನು ಜೋಡಿಸಿ, ಈ ಕರಾವಳಿ ಮುಂದೆ ಬರುವುದೂ ಹಿಂದೆ ಸರಿಯುವುದೂ ಆ ಚಕ್ರಕ್ಕೆ ಹೊಂದಿಕೊಂಡಿದೆ ಎಂದು ತೋರಿಸಿದರು. ಇಷ್ಟು ತಗ್ಗಿನ, ಮೆತ್ತಗಿನ ದಡದಲ್ಲಿ ಸೆಂಟಿಮೀಟರಿಗೂ ಬೆಲೆ ಇದೆ.

ಇಷ್ಟೆಲ್ಲ ತಿಳಿದ ಮೇಲೆ ಅಣೆಕಟ್ಟಿನ ಮಾತು ಬಂದೇ ಬರುತ್ತದೆ. ಅಮೆಜಾನಿಗೆ ಬರುವ ಕೆಸರಿನಲ್ಲಿ ಅರ್ಧದಷ್ಟನ್ನು ತರುವ ಮಡೇರಾ ಉಪನದಿಗೆ 2012ರ ಆಸುಪಾಸಿನಲ್ಲಿ ಸಾಂಟೊ ಆಂಟೋನಿಯೊ, ಜಿರಾವು ಅಣೆಕಟ್ಟುಗಳು ಬಂದವು. ಆಮೇಲೆ ಅವುಗಳ ಕೆಳಗೆ ನೀರಿನಲ್ಲಿ ತೇಲುವ ಕೆಸರು ಸುಮಾರು ಐದನೇ ಒಂದು ಭಾಗ ಇಳಿದಿದೆ ಎಂದು 2017ರ ಒಂದು ಅಧ್ಯಯನ ಹೇಳಿತು.

ನಮ್ಮ ಕಡೆ ಅಣೆಕಟ್ಟುಗಳ ಪರಿಣಾಮ ಆಗಲೇ ಕಾಣುತ್ತಿದೆ. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗವನ್ನು ತುಂಬಿರುವ ಹೂಳಿನಲ್ಲಿ ದೊಡ್ಡ ಪಾಲು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯ ಕಡೆಗೆ ಹೋಗಬೇಕಿತ್ತು. ಆಂಧ್ರ ವಿಶ್ವವಿದ್ಯಾಲಯದ ಕೆ. ನಾಗೇಶ್ವರ ರಾವ್ ಮತ್ತು ಸಂಗಡಿಗರು 2010ರಲ್ಲಿ ಕೊಟ್ಟ ಲೆಕ್ಕದಂತೆ, ಕೃಷ್ಣೆ ಡೆಲ್ಟಾಕ್ಕೆ ತರುತ್ತಿದ್ದ ಮಣ್ಣು 1960ರ ದಶಕದ ಕೊನೆಯಲ್ಲಿ ವರ್ಷಕ್ಕೆ 90 ಲಕ್ಷ ಟನ್ ಇತ್ತು. 2000–2005ರ ಹೊತ್ತಿಗೆ 4 ಲಕ್ಷ ಟನ್ನಿಗೆ ಇಳಿಯಿತು. ಗೋದಾವರಿಯದ್ದು 15 ಕೋಟಿಯಿಂದ 5.7 ಕೋಟಿಗೆ ಬಂತು. 1965ರಿಂದ 2008ರೊಳಗೆ ಈ ಎರಡು ಡೆಲ್ಟಾಗಳ ಕರಾವಳಿ ಒಟ್ಟು 76 ಚದರ ಕಿ.ಮೀ. ನೆಲ ಕಳೆದುಕೊಂಡಿತು.

ಕೃಷ್ಣೆಯ ಡೆಲ್ಟಾಕ್ಕೆ ಮಣ್ಣು ಬರುವುದು ಕಡಿಮೆಯಾದ ಕೆಲವೇ ದಶಕಗಳಲ್ಲಿ ದಡ ಹಿಂದೆ ಸರಿಯಿತು. ಗಯಾನಾದ ಕಥೆ ಇಷ್ಟು ನೇರ ಅಲ್ಲ. ಅಲ್ಲಿ ದೂರದ ದಿಬ್ಬಗಳು ಹೊರಟಿದ್ದೇ ಈ ಅಣೆಕಟ್ಟುಗಳಿಗಿಂತ ನೂರಾರು ವರ್ಷ ಮೊದಲು. ಇವತ್ತು ಜಾರ್ಜ್‌ಟೌನ್ ದಡದಲ್ಲಿ ಕಾಣುವ ಏರಿಳಿತಕ್ಕೆ ಅಲೆ, ಗಾಳಿ, ಚಂದ್ರ ಕಾರಣವೋ, ಮಡೇರಾ ಕಾರಣವೋ ಎಂದು ಬಿಡಿಸಿ ಹೇಳಬೇಕಾದರೆ ಒಂದು ತುದಿಯಲ್ಲಿ ಓಬಿಡೋಸಿನ ಬಾಟಲಿ, ಇನ್ನೊಂದು ತುದಿಯಲ್ಲಿ ಕರಾವಳಿಯ ಉಪಗ್ರಹ ಚಿತ್ರ, ಎರಡೂ ಕಡೆ ಲೆಕ್ಕ ತಪ್ಪದೆ ದಶಕಗಟ್ಟಲೆ ನಡೆಯಬೇಕು.